ಬಿರುಕು ಮೇಸ್ತ್ರಿಯ ತಾಮ್ರ

ಮೇಸ್ತ್ರಿಯ ಹೆಣ ಇನ್ನೂ ಮುಂದಿನ ಕೋಣೆಯಲ್ಲಿತ್ತು. ನೋಡಲು ಬಂದವರಲ್ಲೊಬ್ಬ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಪಕ್ಕದವನಿಗೆ ಹೇಳಿದ: "ಪಾಪ, ಆ ತಂತಿ ಕಳ್ಳತನ ಒಂದು ಬಿಟ್ರೆ ಬಂಗಾರದಂಥ ಮನುಷ್ಯ."

ಹೇಳಿದವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಕನಿಕರದ ಮಾತಿನೊಳಗೆ ಸುಳ್ಳು ಸೇರಿಕೊಂಡು ಕೂತುಬಿಟ್ಟರೆ ಎಲ್ಲಿ ಹಿಡಿದು ಎಳೆಯುವುದು? ಬಾಗಿಲ ಹತ್ತಿರ ಕೂತಿದ್ದ ಅತ್ತಿಗೆಗೂ ಅದು ಕೇಳಿಸಿತು. ಮೇಸ್ತ್ರಿಯ ಹೆಂಡತಿಯನ್ನು ನಾನು ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುವುದು. ಆಕೆ ಅಳು ನಿಲ್ಲಿಸಿ ತಲೆಯೆತ್ತಿದರು. ಆ ಮನುಷ್ಯನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಆಮೇಲೆ ಆ ದಿನ ಅವರು ಅಳಲಿಲ್ಲ.

ನನ್ನ ಗೆಳೆಯ ಒಂದೆಳೆ ತಂತಿಯನ್ನೂ ಕದ್ದವನಲ್ಲ. ತಾಮ್ರವನ್ನು ಅವನು ಎಲ್ಲಿಂದ ತರುತ್ತಿದ್ದ, ಕಳ್ಳನೆಂಬ ಹೆಸರನ್ನು ಅವನಿಗೆ ಕೊಟ್ಟವರು ಯಾರು, ಕೊಟ್ಟವನಿಗೆ ಏನಾಯಿತು, ಇಷ್ಟನ್ನು ಬರೆದಿಡಬೇಕು.

ಅವನ ಕಸುಬು ಬಡಗಿಯದು. ಆದರೆ ಬಡಗಿ ಎಂದು ಅವನನ್ನು ಯಾರೂ ಕರೆಯಲಿಲ್ಲ. ಬಿರುಕು ಮೇಸ್ತ್ರಿ ಎನ್ನುತ್ತಿದ್ದರು. ಬೇರೆಯವರು ಬಿರುಕು ಬಿಟ್ಟ ಹಲಗೆಯನ್ನು ಒಲೆಗೆ ಹಾಕುತ್ತಿದ್ದರು. ಇಲ್ಲವೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿದು ಗಿರಾಕಿಯ ಕಣ್ಣಿಗೆ ಬೀಳದ ಹಾಗೆ ಮಾಡುತ್ತಿದ್ದರು. ಇವನು ಸಣ್ಣ ಉಳಿಯಿಂದ ಬಿರುಕಿನ ಒಳಗಿನ ಕೊಳೆಯನ್ನೂ ಸಡಿಲವಾದ ನಾರನ್ನೂ ಕೆರೆದು ತೆಗೆದು, ತಳಕ್ಕೆ ಅಂಟು ಬಿಟ್ಟು, ಬಿರುಕು ತಿರುಗಿದ ಕಡೆಯೆಲ್ಲ ತಾನೂ ತಿರುಗುತ್ತ ತಾಮ್ರದ ತಂತಿ ಕೂರಿಸುತ್ತಿದ್ದ. ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಅರದಿಂದ ಉಜ್ಜಿ ಹಲಗೆಯ ಮಟ್ಟಕ್ಕೆ ತಂದು, ಎಣ್ಣೆ ಹಚ್ಚಿದ ಮೇಲೆ ನೋಡಬೇಕಿತ್ತು: ಕಂದು ಮರದ ನಡುವೆ ಕೆಂಪಗೆ, ಸಣ್ಣದೊಂದು ಹೊಳೆ.

"ಇದೇನ್ ಮೇಸ್ತ್ರಿ, ಬಿರುಕು ಇನ್ನೂ ಎದ್ದು ಕಾಣುತ್ತಲ್ಲ?" ಎಂದು ಹೊಸ ಗಿರಾಕಿ ಕೇಳಿದರೆ, "ಕಾಣ್ಲಿ ಅಂತಲೇ ಸ್ವಾಮಿ ಕೂಲಿ ತಗೊಳ್ಳೋದು. ಮುಚ್ಚೋಕಾದ್ರೆ ಒಂದು ಬಟ್ಟೆ ಹಾಸಿದ್ರೆ ಸಾಕು" ಎನ್ನುತ್ತಿದ್ದ.

ಅವನ ಕೆಲಸದ ಮನೆಗೂ, ಪುಸ್ತಕಗಳಿಗೆ ರಟ್ಟು ಕಟ್ಟುವ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ಸುತ್ತಿಗೆಯ ಸದ್ದಿನ ಮೇಲೆ ನಾನು ಹೊಲಿಗೆ ಹಾಕುತ್ತಿದ್ದೆ. ಈಗ ಆ ಗೋಡೆ ಸುಮ್ಮನಿದೆ. ನನ್ನ ಸೂಜಿ ಆಗಾಗ ಅರ್ಧದಲ್ಲೇ ನಿಲ್ಲುತ್ತದೆ.

ತಾಮ್ರಕ್ಕಾಗಿ ಅವನು ಹೋಗುತ್ತಿದ್ದುದು ಗುಜರಿ ಓಣಿಗೆ. ಕೂದಲೆಳೆಯಂಥ ಬಿರುಕಿಗೆ, ಕೆಟ್ಟ ಮೋಟಾರಿಗೆ ತಂತಿ ಸುತ್ತುವವನ ಅಂಗಡಿಯ ಸುಟ್ಟುಹೋದ ಸುರುಳಿ. ಅದರ ಮೇಲೆ ಅರಗಿನಂಥ ಲೇಪ ಇರುತ್ತದೆ, ಅದನ್ನು ಸುಟ್ಟು ಕೆರೆಯದಿದ್ದರೆ ಅಂಟು ಹಿಡಿಯುವುದಿಲ್ಲ. ಬೆರಳು ಹೋಗುವಷ್ಟು ಅಗಲದ ಬಿರುಕಿಗೆ ಗುಜರಿ ಅಕ್ಕನ ಅಂಗಡಿಯ ದಪ್ಪ ತಂತಿ, ಕಟ್ಟಡಗಳ ವೈರಿಂಗ್ ಮುಗಿದ ಮೇಲೆ ಉಳಿದ ತುಂಡುಗಳು. ಗುಜರಿ ಅಕ್ಕ ಕೊರಳಲ್ಲಿ ದಾರ ಕಟ್ಟಿ ಒಂದು ಅಯಸ್ಕಾಂತ ನೇತುಹಾಕಿಕೊಂಡಿರುತ್ತಿದ್ದಳು. ಅಂಗಡಿಗೆ ಬಂದ ಯಾವ ಲೋಹಕ್ಕೂ ಮೊದಲು ಅದನ್ನು ಮುಟ್ಟಿಸುವುದು ಆ ಓಣಿಯ ರೂಢಿ. ತಾಮ್ರವಾದರೆ ಅಂಟುವುದಿಲ್ಲ, ತಾಮ್ರದ ಬಣ್ಣ ಬಳಿದ ಕಬ್ಬಿಣವಾದರೆ ಟಕ್ಕನೆ ಅಂಟುತ್ತದೆ.

"ನನ್ನ ಮೇಲೂ ನಂಬಿಕೆ ಇಲ್ವೇನಕ್ಕಾ?" ಎಂದು, ಉಳಿದ ತುಂಡುಗಳನ್ನು ವಾಪಸ್ ಕೊಡಲು ಹೋಗಿದ್ದ ಮೇಸ್ತ್ರಿ ಒಮ್ಮೆ ಕೇಳಿದ್ದ.

"ನಮ್ಮಪ್ಪ ತಂದ್ರೂ ಮೊದ್ಲು ಅಯಸ್ಕಾಂತ, ಆಮೇಲೆ ನಮಸ್ಕಾರ."

ತಂದ ತಂತಿ ಸೆಟೆದುಕೊಂಡಿರುತ್ತದೆ. ಅದನ್ನು ಹದ ಮಾಡುವುದು ಅತ್ತಿಗೆಯ ಕೆಲಸ. ಹಿತ್ತಿಲಿನ ಒಲೆಯ ಮುಂದೆ ಇಕ್ಕಳ ಹಿಡಿದು ಕೂತು, ತಂತಿಯನ್ನು ಕೆಂಡದ ಬಣ್ಣ ಬರುವ ತನಕ ಕಾಯಿಸಿ, ಚುಯ್ಯೆಂದು ನೀರಿಗೆ ಬಿಡುತ್ತಿದ್ದರು. ಹೀಗೆ ಮಾಡಿದರೆ ಉಕ್ಕು ಗಡುಸಾಗುತ್ತದೆ, ತಾಮ್ರ ನೂಲಿನ ಹಾಗೆ ಮೆತ್ತಗಾಗುತ್ತದೆ. ಮೇಸ್ತ್ರಿ ಬಡಿಯುವಾಗ ಎದುರು ಕೂತು ತಂತಿಯ ತುದಿ ಹಿಡಿದು ಎಳೆ ಕೊಡುತ್ತಿದ್ದವರೂ ಅವರೇ. ಕೊನೆಕೊನೆಗೆ ಅವನ ಎದೆ ಕೆಟ್ಟು ಕೆಮ್ಮು ಹಿಡಿದಾಗ ಸುತ್ತಿಗೆಯೂ ಅವರ ಕೈಗೇ ಬಂದಿತ್ತು.

ಇನ್ನು ಅವನಿಗೆ ಕಳ್ಳನೆಂಬ ಹೆಸರು ಕೊಟ್ಟವನ ವಿಷಯ. ಅವನು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಷಡ್ಡಕ, ಅತ್ತಿಗೆಯ ಸ್ವಂತ ಅಕ್ಕನ ಗಂಡ. ದೊಡ್ಡ ಬೀದಿಯಲ್ಲಿ ಗಾಜಿನ ಬಾಗಿಲಿನ ಪೀಠೋಪಕರಣದ ಮಳಿಗೆ ಇಟ್ಟಿರುವ ಸಾಹುಕಾರ. ಮೇಸ್ತ್ರಿ ಮೊದಲು ಅವನ ಕೈಕೆಳಗೇ ಇದ್ದ. ಸಾಹುಕಾರ ಸೌದೆಗೆಂದು ಎಸೆಸಿದ ಹಲಗೆಗಳನ್ನು ಆರಿಸಿ ತಂದೇ ತಾಮ್ರದ ಕೆಲಸ ಕಲಿತ. ಆ ಮೇಜುಗಳಿಗೆ ಹೆಸರು ಬಂತು. ಯಾರು ಮಾಡಿದ್ದೆಂದು ಗಿರಾಕಿಗಳು ಕೇಳಿದರೆ ಸಾಹುಕಾರ, "ನಮ್ಮ ಮಳಿಗೆಯದೇ ಕಲೆ" ಎನ್ನುತ್ತಿದ್ದ. ಎದುರಿಗೇ ರಂದ ಹಿಡಿದು ನಿಂತವನ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಮೇಸ್ತ್ರಿ ಅಲ್ಲಿಂದ ಎದ್ದು ಬಂದು ನನ್ನ ಪಕ್ಕ ಕೆಲಸದ ಮನೆ ಹಾಕಿದ. ಗಿರಾಕಿಗಳು ಅವನ ಹಿಂದೆಯೇ ಬಂದರು.

ಆ ಹೊತ್ತಿಗೆ ಬೀದಿ ದೀಪದ ಕಂಬಗಳಿಂದ, ನೀರಿನ ಪಂಪ್‌ಮನೆಗಳಿಂದ ತಂತಿ ಕಳುವಾಗುತ್ತಿತ್ತು. ವರ್ತಕರ ಸಂಘದ ಸಭೆಯಲ್ಲಿ ಅದರ ಮಾತು ಬಂದಾಗ ಸಾಹುಕಾರ ಹಲ್ಲುಕಡ್ಡಿ ಆಡಿಸುತ್ತಾ ಹೇಳಿದನಂತೆ: "ಬಿರುಕಿಗೆಲ್ಲ ತಾಮ್ರ ತುಂಬ್ತಾನಲ್ಲ, ಅಷ್ಟು ತಾಮ್ರ ಎಲ್ಲಿಂದ ಬರುತ್ತೆ ಅಂತ ಯಾರಾದ್ರೂ ಕೇಳಿದ್ದೀರಾ? ನಮ್ಮ ಮನೆಯವನೇ. ನಾನು ಹೇಳ್ಬಾರ್ದು."

ನಮ್ಮ ಮನೆಯವನೇ ಎಂದದ್ದರಿಂದಲೇ ಎಲ್ಲರೂ ನಂಬಿದರು. ಹೊರಗಿನವನು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಸಂಘದ ಹೆಸರಲ್ಲಿ ದೂರು ಹೋಯಿತು. ಪೊಲೀಸರು ಬಂದು ತಾಮ್ರದ ಡಬ್ಬಗಳನ್ನು ಅಂಗಳಕ್ಕೆ ಸುರುವಿ, ಮೇಸ್ತ್ರಿಯನ್ನು ಬೀದಿಯ ಉದ್ದಕ್ಕೂ ನಡೆಸಿಕೊಂಡು ಹೋದರು. ಅವನ ಕಿವಿಯ ಮೇಲೆ ಪೆನ್ಸಿಲು ಹಾಗೇ ಇತ್ತು. ಗುಜರಿ ಅಕ್ಕನೂ ಮೋಟಾರು ಸುತ್ತುವವನೂ ಠಾಣೆಗೆ ಹೋಗಿ, ಪ್ರತಿಯೊಂದು ತುಂಡೂ ತಾವೇ ಮಾರಿದ್ದೆಂದು ಹೇಳಿದ ಮೇಲೆ, ಸಂಜೆ ಕತ್ತಲಾದಾಗ ಬಿಟ್ಟು ಕಳಿಸಿದರು. ಕರೆದೊಯ್ದದ್ದು ಹಾಡುಹಗಲಲ್ಲಿ, ಬೀದಿಯೆಲ್ಲ ನೋಡಿತ್ತು. ಬಿಟ್ಟದ್ದನ್ನು ನೋಡಿದವರು ನಾವು ನಾಲ್ಕೇ ಜನ. ಅಲ್ಲಿಂದ ಅವನು ತಂತಿ ಕಳ್ಳನಾದ. ಮನೆಯೊಳಗೆ ಕರೆದು ಕೆಲಸ ಕೊಡುತ್ತಿದ್ದವರು ಅಳತೆ ತೆಗೆಯುವುದಕ್ಕೂ ಒಳಗೆ ಬಿಡದಾದರು. ಒಳಗೆ ಬಿಟ್ಟ ಒಂದು ಮನೆಯಲ್ಲೂ ಅವನು ಕೂತು ಎದ್ದ ಮೇಲೆ ಸ್ವಿಚ್ಚುಗಳನ್ನೆಲ್ಲ ಒತ್ತಿ ನೋಡಿದರಂತೆ. ಅದನ್ನು ಅವನು ನಗುತ್ತಲೇ ಹೇಳಿದ. ಹೇಳುವಾಗ ಕೈಯಲ್ಲಿದ್ದ ಉಳಿಯನ್ನು ಹಲಗೆಗೆ ಹಿಡಿಯವರೆಗೂ ಇಳಿಸಿದ್ದ.

"ಹೋಗಿ ನಾಲ್ಕು ಬಾರಿಸಿ ಬಾರಯ್ಯಾ, ನಾನೂ ಬರ್ತೀನಿ" ಎಂದೆ.

"ಬಾರಿಸಿದ್ರೆ ತಂತಿ ಕಳ್ಳನ ಜೊತೆಗೆ ರೌಡಿ ಅಂತಲೂ ಅಂತಾರೆ. ಅವನ ಬಾಯಿಂದ ಹೊರಟ ಮಾತು ಅವನ ಬಾಯಿಗೇ ವಾಪಸ್ ಹೋಗ್ಬೇಕು. ಎಲ್ರ ಎದುರಿಗೆ. ಅಲ್ಲೀತನಕ ನಾನು ಬಿಡಲ್ಲ, ನೀನೂ ಬಿಡ್ಬೇಡ ಪುಸ್ತಕದ ಹುಳಾ."

ಮರುದಿನ ಓಣಿಗೆ ಹೋಗಿ, ಪ್ರತಿ ಅಂಗಡಿಯ ಮುಂದೆ ನಿಂತು ಒಂದೇ ಮಾತು ಹೇಳಿದ: "ನಾನು ಕಳ್ಳ ಅಂದ್ರೆ ನೀವು ಕಳ್ಳ ಮಾಲು ಮಾರೋರು. ಸಾಹುಕಾರ್ರು ನಮ್ಮೆಲ್ರಿಗೂ ಸೇರಿಸಿ ಬಿರುದು ಕೊಟ್ಟಿದಾರೆ. ನೆನಪಿರ್ಲಿ." ಹೆಚ್ಚೇನೂ ಬೇಕಾಗಲಿಲ್ಲ. ಓಣಿಯ ಜನ ನಷ್ಟವನ್ನಾದರೂ ಮರೆಯುತ್ತಾರೆ, ಅವಮಾನವನ್ನು ಮರೆಯುವುದಿಲ್ಲ.

ವರ್ತಕರ ಸಂಘ ಹೊಸ ಸಭಾಂಗಣ ಕಟ್ಟಿಸಿದಾಗ ಅದರ ದೊಡ್ಡ ಮೇಜನ್ನು ಸಾಹುಕಾರ ವಹಿಸಿಕೊಂಡ. ಹಳೆಯ ಜಾಲಿಮರದ ಇಡಿಯ ಹಲಗೆಗಳು, ಮೈತುಂಬ ಬಿರುಕು. ಸಂಘದವರು, "ತಾಮ್ರದ ಕೆಲಸ ನಿಮ್ಮ ಮಳಿಗೆಯದೇ ಕಲೆ ತಾನೇ? ಅದನ್ನೇ ಮಾಡ್ಸಿ" ಎಂದುಬಿಟ್ಟರು. ಇಲ್ಲವೆನ್ನಲು ಬಾಯಿ ಎಲ್ಲಿದೆ? ಸಾಹುಕಾರ ಗುಜರಿ ಓಣಿಗೆ ಬಂದ. ಅವತ್ತು ಮೋಟಾರು ಸುತ್ತುವವನ ಅಂಗಡಿಯಲ್ಲಿ ನಾನು ಕೂತಿದ್ದೆ, ಎದುರಿಗಿದ್ದ ಗುಜರಿ ಅಕ್ಕನ ಅಂಗಡಿಯ ಮಾತೆಲ್ಲ ಕೇಳಿಸಿತು.

"ದಪ್ಪ ತಾಮ್ರ ಇದೆಯೇನಮ್ಮಾ?"

"ಇದೆ ಸಾಹುಕಾರ್ರೇ. ಆದ್ರೆ ಎಲ್ಲಾ ಕಳ್ಳ ಮಾಲು."

"ಏನು?"

"ನೀವೇ ಹೇಳಿದ್ರಲ್ಲ. ನಿಮ್ಮಂಥ ದೊಡ್ಡೋರ ಕೈಗೆ ಕಳ್ಳ ಮಾಲು ಕೊಟ್ರೆ ನಂಗೆ ಪಾಪ ಬರುತ್ತೆ. ಮುಂದೆ ಹೋಗಿ."

ಮುಂದಿನ ಅಂಗಡಿಯಲ್ಲೂ ಅದೇ ಉತ್ತರ, ಅದರಾಚೆಯದರಲ್ಲೂ ಅದೇ. ಮೋಟಾರು ಸುತ್ತುವವನಂತೂ ತಲೆಯನ್ನೂ ಎತ್ತದೆ, "ನಾನೀಗ ಕದಿಯೋಕೆ ಹೊರಟಿದೀನಿ ಸಾರ್, ನಾಳೆ ಬನ್ನಿ" ಎಂದ. ಸಾಹುಕಾರ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋದರೆ ಅಲ್ಲಿ ಹೊಸ ತಕರಾರು. ಸಂಘದ ದೂರಿನ ಮೇಲೆ ಪೊಲೀಸರು ಬಂದು, ವೈರಿಂಗ್ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ದಪ್ಪ ತಾಮ್ರ ಮಾರಕೂಡದೆಂದು ತಾಕೀತು ಮಾಡಿ ಹೋಗಿದ್ದರು. ತಾನು ತೋಡಿದ ಹಳ್ಳಕ್ಕೆ ತಾನೇ ಕಾಲಿಟ್ಟ. ಬೇರೆ ಊರಿಂದ ತರಿಸಬಹುದಿತ್ತು, ಆದರೆ ಅಷ್ಟರಲ್ಲಿ ಅವನ ಕಣ್ಣಿಗೆ ವೆಲ್ಡಿಂಗ್ ಮಾಡುವವನ ಅಂಗಡಿಯ ಸರಳುಗಳು ಬಿದ್ದವು. ನೀಟಾಗಿ, ನೆಟ್ಟಗೆ, ಥಳಥಳ ಹೊಳೆಯುವ ತಾಮ್ರದ ಬಣ್ಣ. ಗುಜರಿಯವರು ಕೊಡದಿದ್ದರೇನು, ಇದು ಅದಕ್ಕಿಂತ ಚೊಕ್ಕ ಮಾಲೆಂದುಕೊಂಡು ಕಟ್ಟುಗಟ್ಟಲೆ ಒಯ್ದ.

ಅವು ತಾಮ್ರದ ತೆಳು ಲೇಪ ಕೊಟ್ಟ ಕಬ್ಬಿಣದ ಸರಳುಗಳು. ಓಣಿಯ ಯಾವ ಕೈಯಾದರೂ ಮೊದಲು ಅಯಸ್ಕಾಂತ ಮುಟ್ಟಿಸುತ್ತಿತ್ತು. ಕೊರಳಿಗೆ ಅಯಸ್ಕಾಂತ ಕಟ್ಟಿಕೊಳ್ಳುವುದು ಗುಜರಿಯವರ ಕೀಳು ಚಟ ಎಂಬುದು ಸಾಹುಕಾರನ ಎಣಿಕೆ. ಅವನ ಕೆಲಸದವರು ಬಡಿದು ಕೂರಿಸಿ ಅರ ಆಡಿಸಿದಾಗ ಕಬ್ಬಿಣದ ಬಿಳಿ ಇಣುಕಿತು. ಅರ ನಿಲ್ಲಿಸಿ ಎನ್ನುವುದೊಂದೇ ಅವನಿಗೆ ಹೊಳೆದ ಉಪಾಯ. ಉಜ್ಜದೆ ಹಾಗೇ ಬಡಿದು ತಗ್ಗಿಸಿ, ಮೇಲೆ ದಪ್ಪಗೆ ಪಾಲಿಶ್ ಕೊಟ್ಟು ಸಾಗಿಸಿದರು.

ಜಾಲಿಮರಕ್ಕೆ ಒಗರು ಜಾಸ್ತಿ. ಒಗರಿಗೂ ಕಬ್ಬಿಣಕ್ಕೂ ನೀರು ತಾಗಿದರೆ ಮಸಿ ಹುಟ್ಟುತ್ತದೆ. ಮಳೆ ಹಿಡಿದು ಗಾಳಿಯಲ್ಲಿ ತೇವ ಏರುತ್ತಲೇ ಸಂಘದ ಮೇಜು ಕಪ್ಪಾಗತೊಡಗಿತು. ಮೊದಲು ಪ್ರತಿ ಬಿರುಕಿನ ಎರಡೂ ಅಂಚಿಗೆ ಕಾಡಿಗೆಯಂಥ ಗೆರೆ. ಆಮೇಲೆ ಆ ಗೆರೆಗಳಿಗೆ ಬೇರು ಮೂಡಿ, ಬೇರುಗಳು ಹಲಗೆಯ ನಾರು ಹಿಡಿದು ಓಡಿದವು. "ನಿಮ್ಮ ಮೇಜು ಯಾಕೆ ಅಳ್ತಿದೆ ಸಾಹುಕಾರ್ರೇ?" ಎಂದು ಸಂಘದವರು ಸಭೆಯ ನಡುವೆಯೇ ಕೇಳತೊಡಗಿದರು. ಕಾಗದ ಇಟ್ಟರೆ ಅಡಿಗೆ ಕರಿ ಹತ್ತುತ್ತಿತ್ತು.

ಸುದ್ದಿ ತಿಳಿದು ಮೇಸ್ತ್ರಿ, ಕೆಮ್ಮಿನಲ್ಲೇ ನನ್ನ ಭುಜ ಹಿಡಿದು ನಡೆದು, ಸಭಾಂಗಣದ ಕಿಟಕಿಯಿಂದ ಅದನ್ನು ನೋಡಿಬಂದ. ಬರುವಾಗ ದಾರಿಯುದ್ದಕ್ಕೂ ನಕ್ಕ. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕಂಬ ಹಿಡಿದು ನಿಂತು, "ಆ ಮರ ನೋಡಿದ್ರೆ ಪಾಪ ಅನ್ಸುತ್ತೆ ಕಣಯ್ಯಾ. ಅವನನ್ನ ನೋಡಿ ಅಲ್ಲ" ಎಂದ.

ಸ್ವಲ್ಪ ದಿನಕ್ಕೆ ಸಾಹುಕಾರನೇ ಕೆಲಸದ ಮನೆಯ ಬಾಗಿಲಿಗೆ ಬಂದ. ಮೇಸ್ತ್ರಿ ಹಾಸಿಗೆಯನ್ನು ಅಲ್ಲಿಗೇ ತರಿಸಿಕೊಂಡಿದ್ದ, ಮರದ ವಾಸನೆ ಬೇಕೆಂದು. ಮೊದಲೆಲ್ಲ ಅಣ್ಣ ಎನ್ನುತ್ತಿದ್ದವನು, "ಬನ್ನಿ ಸಾಹುಕಾರ್ರೇ. ಕೂತ್ಕೊಳ್ಳಿ, ಏನೂ ಕಳುವಾಗಲ್ಲ" ಎಂದ.

ಸಾಹುಕಾರ ಕೂರಲಿಲ್ಲ. "ಆಗಿದ್ದು ಆಗೋಯ್ತು. ನಾವು ನಾವು ಒಂದೇ ಮನೆಯವರು. ಆ ಮೇಜು ಸರಿ ಮಾಡಿಕೊಡು."

"ಮಾಡ್ತೀನಿ. ನೀವು ಗುಜರಿ ಓಣಿಗೆ ಹೋಗಿ, ನಡು ರಸ್ತೇಲಿ ನಿಂತು, ನಾನು ಹೇಳಿದ್ದು ಸುಳ್ಳು ಅಂತ ಹೇಳಿ."

"ಇಲ್ಲೇ ಹೇಳ್ತೀನಪ್ಪಾ. ನಿನ್ನ ಮುಂದೆ ಹೇಳೋಕೆ ನನಗೇನು ನಾಚಿಕೆ? ಸುಳ್ಳು. ಹೇಳ್ದೆ, ಸಾಕಾ?"

"ನನಗೆ ಗೊತ್ತಿರೋದನ್ನ ನನಗ್ಯಾಕೆ ಹೇಳ್ತೀರಿ? ಗೊತ್ತಿಲ್ದೋರಿಗೆ ಹೇಳಿ."

ಸಾಹುಕಾರ ಹಲ್ಲು ಕಚ್ಚಿಕೊಂಡು ಹೊರಟುಹೋದ. ಹೋಗುವಾಗ ನನ್ನ ಕಡೆ ತಿರುಗಿ, "ಸಾಯೋ ಕಾಲದಲ್ಲೂ ಎಷ್ಟು ಹಟ ನೋಡಿ" ಎಂದ. ಆಮೇಲೆ ಮೇಸ್ತ್ರಿ ಬಹಳ ದಿನ ಉಳಿಯಲಿಲ್ಲ. ಕೊನೆಯ ಮಧ್ಯಾಹ್ನ ಉಸಿರು ಸಿಗದಿದ್ದರೂ, "ಹೇಳಿದ್ನಾ ಅವನು?" ಎಂದು ಕೇಳಿದ. ಇಲ್ಲವೆಂದೆ. ಗೆಳೆಯನ ಸಾವಿನ ಹೊತ್ತಿಗೆ ಅಷ್ಟು ಒರಟಾದ ನಿಜ ಹೇಳಬೇಕಿತ್ತೇ ಎಂದು ಕೆಲವರು ಕೇಳಿದ್ದಾರೆ. ಸುಳ್ಳಿನಿಂದಲೇ ಸವೆದುಹೋದವನಿಗೆ ಇನ್ನೊಂದು ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

ಹೆಣದ ಮುಂದೆ ಆ ಮಾತು ಬಂದದ್ದು ಮರುದಿನ. ಆಮೇಲೆ ಒಂದು ಬೆಳಗ್ಗೆ ಸಾಹುಕಾರ ಅತ್ತಿಗೆಯ ಅಕ್ಕನನ್ನು ಮುಂದೆ ಮಾಡಿಕೊಂಡು ಬಂದ. ಸಂಘದವರು ಮೇಜನ್ನು ಅಂಗಳಕ್ಕೆಸೆದು, ಯಾರ ಕೆಲಸವೆಂದು ಅದರ ಮೇಲೆ ಬರೆಸಿಡುತ್ತೇವೆ ಎಂದಿದ್ದರಂತೆ. ಅಕ್ಕ ತಂಗಿಯ ಕೈ ಹಿಡಿದು, "ನಿನಗೂ ಈ ಕೆಲಸ ಬರುತ್ತಲ್ಲೇ. ಅವರ ಮಾನ ಹೋದ್ರೆ ನನ್ನದೂ ಹೋಗುತ್ತೆ" ಎಂದು ಅತ್ತಳು.

ಅತ್ತಿಗೆ ಅಕ್ಕನ ಕಣ್ಣೊರೆಸಿದರು. "ನಿನ್ನ ಮೇಲೆ ನಂಗೇನೂ ಇಲ್ಲ ಕಣಕ್ಕಾ" ಎಂದು ಹೇಳಿ ಸಾಹುಕಾರನ ಕಡೆ ತಿರುಗಿದರು. "ಅವರು ಕೇಳಿದ್ದನ್ನೇ ನಾನೂ ಕೇಳೋದು ಭಾವ. ಒಂದಕ್ಷರ ಕಮ್ಮಿ ಇಲ್ಲ."

"ಅವನೇ ಇಲ್ವಲ್ಲಮ್ಮಾ, ಇನ್ನು ಹೇಳಿ ಏನು ಪ್ರಯೋಜನ?"

"ನಾನಿದೀನಲ್ಲ. ನನ್ನನ್ನ ಕಳ್ಳನ ಹೆಂಡ್ತಿ ಅಂತಾರೆ."

ಅತ್ತಿಗೆ ಸೆರಗು ಬಿಗಿದು ಬೀದಿಗಿಳಿದರು. ಸಾಹುಕಾರ ಹಿಂದೆ, ಅವನ ಹಿಂದೆ ನಾನು. ಓಣಿ ತುಂಬಿದ ಹೊತ್ತು. ಲೋಹ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಸಾಹುಕಾರ ಗಂಟಲು ಸರಿಮಾಡಿಕೊಂಡು ನೆಲ ನೋಡುತ್ತಾ, "ಮೇಸ್ತ್ರಿ ತಂತಿ ಕದ್ದಿರ್ಲಿಲ್ಲ. ನಾನು ಹೇಳಿದ್ದು ಸುಳ್ಳು" ಎಂದ.

ಗುಜರಿ ಅಕ್ಕ ಕಿವಿಗೆ ಕೈ ಹಚ್ಚಿದಳು. "ಏನಂದ್ರಿ? ಪಕ್ಕದಂಗ್ಡಿ ತಾತಂಗೆ ಕಿವಿ ಕೇಳಲ್ಲ. ಸ್ವಲ್ಪ ಜೋರಾಗಿ ಹೇಳಿ ಸಾಹುಕಾರ್ರೇ."

ಜೋರಾಗಿ ಹೇಳಿದ. ತಾತ ತಲೆ ಅಲ್ಲಾಡಿಸಿ, "ಯಾರು ಕದ್ದಿದ್ದಂತೆ? ಇವರಾ?" ಎಂದ.

ಓಣಿ ಗೊಳ್ಳೆಂದಿತು. ಮೂರನೆಯ ಸಲ ಸಾಹುಕಾರ ಕೂಗಲೇಬೇಕಾಯಿತು, ಕತ್ತಿನ ನರ ಉಬ್ಬಿಸಿ: "ಮೇಸ್ತ್ರಿ ಕಳ್ಳ ಅಲ್ಲ! ನಾನೇ ಸುಳ್ಳ!" ಅದು ಕೂಗಿನ ಭರದಲ್ಲಿ ಬಂದದ್ದೋ ಬೇಕೆಂದೇ ಹೇಳಿದ್ದೋ ಗೊತ್ತಿಲ್ಲ. ತಾತ, "ಸರಿ ಸರಿ, ಈಗ ಕೇಳ್ತು" ಎಂದು ಮತ್ತೆ ಡಬ್ಬ ಬಡಿಯತೊಡಗಿದ. ಅತ್ತಿಗೆ ನಗಲಿಲ್ಲ. ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅತ್ತಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಗುಜರಿ ಅಕ್ಕ ತನ್ನ ಅಂಗಡಿಯ ಅತಿ ಒಳ್ಳೆಯ ತಾಮ್ರ ಆರಿಸಿಕೊಟ್ಟಳು. ಅತ್ತಿಗೆ ಒಲೆ ಹೂಡಿ ಅದನ್ನು ಹದ ಮಾಡಿ, ಸಭಾಂಗಣಕ್ಕೆ ಹೋಗಿ ಮೇಜಿನ ಮುಂದೆ ಕೂತರು. ಕಬ್ಬಿಣವನ್ನು ಚೂರು ಚೂರಾಗಿ ಕಿತ್ತು, ಕಲೆ ತೆಗೆಯುವ ಆಮ್ಲ ಹಚ್ಚಿ ತೊಳೆದು, ಒಣಗಲು ಬಿಟ್ಟು, ಮತ್ತೆ ಉಜ್ಜಿ, ಒಂದೊಂದೇ ಬಿರುಕಿಗೆ ತಾಮ್ರ ಇಳಿಸಿದರು. ತಂತಿಯ ತುದಿ ಹಿಡಿಯಲು ಎದುರು ನಾನು ಕೂತೆ. ಆ ಸುತ್ತಿಗೆ ಬೀಳುವ ಲಯ ಅವನದೇ. ಎರಡು ಮೆಲ್ಲಗೆ, ಒಂದು ಗಟ್ಟಿಯಾಗಿ. ನಾನು ತಲೆ ಬಗ್ಗಿಸಿಕೊಂಡೇ ಇದ್ದೆ.

ಕೆಲಸ ಮುಗಿದ ದಿನ ಸಂಘದವರೆಲ್ಲ ನೋಡಲು ಬಂದರು. ಎಣ್ಣೆ ಕುಡಿದ ಮರದ ಮೇಲೆ ತಾಮ್ರ ಉದ್ದಕ್ಕೂ ಬೆಳಗುತ್ತಿತ್ತು. ಸಾಹುಕಾರನೂ ಉಸಿರು ಬಿಟ್ಟು, ಮೇಜಿನ ಸುತ್ತ ನಡೆದು, ಸಭೆಗಳಲ್ಲಿ ತಾನು ಕೂರುವ ಕುರ್ಚಿಯ ಮುಂದೆ ಬಂದು ನಿಂತ. ಅಲ್ಲಿ, ಅವನ ಎರಡು ಕೈಗಳು ಬಂದು ಕೂರುವ ಜಾಗದ ನಡುವೆ, ಗೇಣುದ್ದದ ಒಂದು ಬಿರುಕು ಮೊದಲಿನಂತೆಯೇ ಇತ್ತು. ಅದೇ ವೆಲ್ಡಿಂಗ್ ಸರಳು, ಸುತ್ತ ಮಸಿಯ ಬೇರು. ಮೇಲಿನಿಂದ ಪಾಲಿಶ್ ಗಟ್ಟಿಯಾಗಿ ಕೂತಿತ್ತು.

"ಇಲ್ಲೊಂದು ಉಳಿದಿದೆಯಲ್ಲಮ್ಮಾ" ಎಂದ.

ಅತ್ತಿಗೆ ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಉಳಿದಿಲ್ಲ ಭಾವ. ಉಳಿಸಿದೀನಿ."

"ಅದನ್ನೂ ತೆಗೀಬಹುದಲ್ವಾ?"

"ತೆಗೀಬಹುದು. ತೆಗೆಯೋಕೆ ಬರೋರು ಈ ಊರಲ್ಲಿ ನಾನೊಬ್ಳೇ. ನಾನು ತೆಗೆಯಲ್ಲ."

ಸಾಹುಕಾರ ಸಂಘದವರ ಕಡೆ ನೋಡಿದ. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಆ ಕಪ್ಪನ್ನು ನೋಡಿದರು. "ಇರ್ಲಿ ಬಿಡಿ. ಅಂದಿನ ಸಭೇಲಿ ಆ ಮಾತು ಕೇಳಿಸ್ಕೊಂಡು ಸುಮ್ನೆ ಕೂತಿದ್ದೋರು ನಾವೂ ಇದೀವಿ" ಎಂದರು.

ಅದು ಈಗಲೂ ಇದೆ. ಸಾಹುಕಾರ ಅದರ ಮೇಲೆ ಒಂದು ಫೈಲು ಇಟ್ಟುಕೊಂಡು ಕೂರುತ್ತಾನೆ. ಹೊಸದಾಗಿ ಬಂದ ಸದಸ್ಯರು ಯಾರಾದರೂ, ಇಷ್ಟು ಚೆಂದದ ಮೇಜಿನಲ್ಲಿ ಇದೇನು ಎಂದು ಕೇಳಿದರೆ, ಸಭಾಂಗಣ ಗುಡಿಸುವಾತ ಪೊರಕೆ ಗೋಡೆಗೊರಗಿಸಿ, ಮೇಸ್ತ್ರಿ ಯಾರು, ತಾಮ್ರ ಎಲ್ಲಿಂದ ಬರುತ್ತಿತ್ತು, ಅವನನ್ನು ಕಳ್ಳನೆಂದವರು ಯಾರು ಎಂದು ಮೊದಲಿಂದ ಹೇಳುತ್ತಾನೆ. ಸಾಹುಕಾರ ಅಲ್ಲೇ ಕೂತಿದ್ದರೂ ಹೇಳುತ್ತಾನೆ.

ಸತ್ತವನ ಹೆಸರಿನಲ್ಲಿ ಹಗೆ ಸಾಕಬಾರದು, ಕ್ಷಮಿಸಿಬಿಡಿ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಅವರೆಲ್ಲರನ್ನೂ ನಾನು ಒಮ್ಮೆ ಆ ಸಭಾಂಗಣಕ್ಕೆ ಕರೆದುಕೊಂಡು ಹೋಗಿ, ಸಾಹುಕಾರನಿಗೆ ನಮಸ್ಕಾರ ಹೇಳಿ, ಆ ಫೈಲನ್ನು ಸ್ವಲ್ಪ ಪಕ್ಕಕ್ಕೆ ಸರಿಸುವಿರಾ ಎಂದು ಕೇಳುತ್ತೇನೆ.